ಮಾಲು ಎಲ್ಲಿ ಕೂತಿದೆ?

ಲೀನ್ ಉತ್ಪಾದನಾ ಪದ್ಧತಿಯ ಬಗ್ಗೆ ಬಂದ ಪತ್ರಗಳ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಕಂಪನಿಗಳ ಹೆಸರು ತೆಗೆದಿದ್ದೇನೆ. ಉದ್ದ ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬರೆದವರು ಬೇಸರಿಸಬಾರದು.

ಪ್ರ: ಪೀಣ್ಯದಲ್ಲಿ ನಮ್ಮದು ಹತ್ತು ಮಷಿನ್‌ಗಳ ಸಿಎನ್‌ಸಿ ಘಟಕ. ಹೋದ ವರ್ಷ ಕನ್ಸಲ್ಟಂಟ್ ಒಬ್ಬರನ್ನು ಕರೆಸಿ 5ಎಸ್ ಮಾಡಿಸಿದೆವು. ನೆಲಕ್ಕೆ ಹಳದಿ ಪಟ್ಟೆ, ಟೂಲ್‌ಗಳಿಗೆ ಶ್ಯಾಡೋ ಬೋರ್ಡ್, ಗೋಡೆಗೆ ಚಾರ್ಟ್. ನೋಡಲು ಬಂದವರೆಲ್ಲ ಹೊಗಳುತ್ತಾರೆ. ಡೆಲಿವರಿ ಮಾತ್ರ ಮೊದಲಿನಷ್ಟೇ ತಡ. ಮಷಿನ್‌ಗಳು ಒಂದು ನಿಮಿಷವೂ ನಿಲ್ಲುವುದಿಲ್ಲ. ಆದರೂ ಹೀಗೇಕೆ?
— ಘಟಕದ ಮಾಲೀಕ, ಪೀಣ್ಯ

ಉ: ಮಷಿನ್‌ಗಳು ಒಂದು ನಿಮಿಷವೂ ನಿಲ್ಲದಿರುವುದರಿಂದಲೇ ಹೀಗೆ.

ನೀವು ಪತ್ರದ ಜೊತೆ ಕಳಿಸಿದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶೆಡ್ಡಿನೊಳಗೆ ಅರ್ಧಂಬರ್ಧ ಕೆಲಸವಾಗಿ ಬಿನ್‌ಗಳಲ್ಲಿ ಇರುವ ಮಾಲು ಸುಮಾರು 2,400 ಪೀಸ್. ದಿನಕ್ಕೆ ಹೊರಗೆ ಹೋಗುವುದು 120. ಹಾಗಾದರೆ ಇವತ್ತು ಒಳಗೆ ಬಂದ ಕಚ್ಚಾ ಮಾಲು ಸರದಿಯ ಪ್ರಕಾರ ಹೊರಗೆ ಹೋಗಲು 20 ಕೆಲಸದ ದಿನ ಬೇಕು. ಇದು ನನ್ನ ಅಭಿಪ್ರಾಯವಲ್ಲ. ಜಾನ್ ಲಿಟಲ್ ಎಂಬ ಅಮೆರಿಕನ್ ಪ್ರಾಧ್ಯಾಪಕ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ: ಒಳಗಿರುವ ಸಂಖ್ಯೆಯನ್ನು ಹೊರಹೋಗುವ ವೇಗದಿಂದ ಭಾಗಿಸಿದರೆ ಕಾಯುವ ಕಾಲ ಸಿಗುತ್ತದೆ. ಬ್ಯಾಂಕಿನ ಸಾಲಿಗೂ ಅದೇ, ನಿಮ್ಮ ಶೆಡ್ಡಿಗೂ ಅದೇ. ಒಂದು ಪೀಸಿಗೆ ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್, ಡಿಬರಿಂಗ್ ಎಲ್ಲ ಸೇರಿ 18 ನಿಮಿಷದ ಕೆಲಸ ಎಂದು ನೀವೇ ಬರೆದಿದ್ದೀರಿ. 18 ನಿಮಿಷದ ಕೆಲಸಕ್ಕೆ 20 ದಿನ. ಉಳಿದ ಹೊತ್ತೆಲ್ಲ ಅದು ಹಳದಿ ಪಟ್ಟೆಯೊಳಗೆ ಬಹಳ ಶಿಸ್ತಾಗಿ ಕೂತಿರುತ್ತದೆ.

ಮಷಿನ್ ಖಾಲಿ ನಿಂತರೆ ಮಾಲೀಕನಿಗೆ ಸಂಕಟ. ಸಾಲದ ಕಂತು ನಿಲ್ಲುವುದಿಲ್ಲವಲ್ಲ! ಹಾಗಾಗಿ ಸೂಪರ್‌ವೈಸರ್ ಏನಾದರೊಂದು ಹಾಕಿ ಓಡಿಸುತ್ತಾನೆ. ಮುಂದಿನ ತಿಂಗಳು ಬೇಕಾದದ್ದು ಇವತ್ತೇ ತಯಾರಾಗಿ, ನಾಳೆ ಬೇಕಾದದ್ದರ ದಾರಿಗೆ ಅಡ್ಡ ಕೂರುತ್ತದೆ. ಟೊಯೊಟಾದಲ್ಲಿ ಲೀನ್ ಪದ್ಧತಿಯನ್ನು ಕಟ್ಟಿದ ತೈಇಚಿ ಓಹ್ನೊ ಏಳು ಬಗೆಯ ವ್ಯರ್ಥಗಳನ್ನು ಪಟ್ಟಿ ಮಾಡಿದರು: ಅತಿ ಉತ್ಪಾದನೆ, ಕಾಯುವಿಕೆ, ಸಾಗಣೆ, ಬೇಡದ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷಯುಕ್ತ ಮಾಲು. ಅತಿ ಉತ್ಪಾದನೆಯೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವರು ಒತ್ತಿ ಹೇಳಲು ಕಾರಣವಿತ್ತು. ಉಳಿದ ಆರೂ ಅದರ ಮರೆಯಲ್ಲಿ ಬೆಳೆಯುತ್ತವೆ.

ಮಾಡಬೇಕಾದದ್ದು ಎರಡು. ಮೊದಲನೆಯದು, ಒಳಗೆ ಬಿಡುವ ಮಾಲಿಗೆ ಕಡಿವಾಣ. ಇವತ್ತು ಎಷ್ಟು ಡಿಸ್ಪ್ಯಾಚ್ ಆಯಿತೋ ಅಷ್ಟಕ್ಕೇ ಸ್ಟೋರಿನಿಂದ ಬಾರ್ ಕೊಡಿ, ಕೆಲವು ವಾರ ಇನ್ನೂ ಸ್ವಲ್ಪ ಕಡಿಮೆ. ಒಳಗಿನ ಸಂಖ್ಯೆ 1,200ಕ್ಕೆ ಇಳಿದ ದಿನ ಡೆಲಿವರಿ 10 ದಿನಕ್ಕೆ ಇಳಿದಿರುತ್ತದೆ, ಒಂದೂ ಹೊಸ ಮಷಿನ್ ಕೊಳ್ಳದೆ. ಆಗ ಕೆಲವು ಮಷಿನ್‌ಗಳು ಆಗಾಗ ನಿಲ್ಲುತ್ತವೆ. ನಿಲ್ಲಲಿ. ಎಲ್ಲಕ್ಕಿಂತ ನಿಧಾನದ ಮಷಿನ್ ಒಂದಿರುತ್ತದೆ. ಅದೊಂದು ಮಾತ್ರ ಊಟದ ಹೊತ್ತಿನಲ್ಲೂ ನಿಲ್ಲದ ಹಾಗೆ ನೋಡಿಕೊಳ್ಳಿ.

ಎರಡನೆಯದು, ಲಾಟ್ ಪೂರ್ತಿಯಾಗುವ ತನಕ ಕಾಯಬೇಡಿ. 200 ಪೀಸಿನ ಲಾಟ್, ಟರ್ನಿಂಗ್ 4 ನಿಮಿಷ, ಮಿಲ್ಲಿಂಗ್ 6, ಗ್ರೈಂಡಿಂಗ್ 5 ಎಂದಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಇನ್ನೂರೂ ಮುಗಿದ ಮೇಲೆ ಮುಂದಕ್ಕೆ ಕಳಿಸಿದರೆ ಒಟ್ಟು 50 ಗಂಟೆ. ಇಪ್ಪತ್ತಿಪ್ಪತ್ತರಂತೆ ಟ್ರಾಲಿಯಲ್ಲಿ ದಾಟಿಸುತ್ತಾ ಹೋದರೆ 23 ಗಂಟೆ. ಅದೇ ಮಷಿನ್, ಅದೇ ಜನ, ಅದೇ ವೇಗ. ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ ನೋಡಿ, ನನ್ನ ಮಾತು ನಂಬಬೇಕಿಲ್ಲ. ಪ್ಲೇಟಿಂಗ್‌ಗೆ ಹೊರಗೆ ಜಾಬ್ ವರ್ಕ್ ಕಳಿಸುವುದೂ ಇದೇ ಲೆಕ್ಕ: ಶನಿವಾರ ಒಂದು ಟೆಂಪೊ ತುಂಬುವ ತನಕ ಕಾಯುವ ಬದಲು ದಿನ ಬಿಟ್ಟು ದಿನ ಕಳಿಸಿ. ಬಾಡಿಗೆ ಹೆಚ್ಚಾಗುತ್ತದೆ ಎನ್ನುತ್ತೀರಿ. ತಡವಾದಾಗ ಒಂದೇ ಡಬ್ಬಿ ಇಟ್ಟುಕೊಂಡು ಕಾರಿನಲ್ಲಿ ಗ್ರಾಹಕರ ಗೇಟಿಗೆ ಓಡಿಸುವ ಖರ್ಚನ್ನು ಎದುರಿಗೆ ಬರೆದುಕೊಳ್ಳಿ.

5ಎಸ್ ದಂಡವಾಗಿಲ್ಲ. ಯಾವ ಬಿನ್ ಎಲ್ಲಿದೆ ಎಂದು ಈಗ ಕಾಣುತ್ತದೆ. ಕಂಡದ್ದನ್ನು ಕಡಿಮೆ ಮಾಡುವ ಕೆಲಸ ಶುರುವಾಗಿಲ್ಲ, ಅಷ್ಟೆ.

ಪ್ರ: ನಾನು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್. ನಮ್ಮ ದೊಡ್ಡ ಪ್ರೆಸ್ಸಿನಲ್ಲಿ ಡೈ ಬದಲಾಯಿಸಲು ಮೂರು ಗಂಟೆ ಹಿಡಿಯುತ್ತದೆ. ಎಂಟು ಬಗೆಯ ಪಾರ್ಟ್ ಇರುವುದರಿಂದ ಒಂದೊಂದರದ್ದೂ ತಿಂಗಳ ಮಾಲು ಒಂದೇ ಸಲ ಹೊಡೆದುಬಿಡುತ್ತೇವೆ. ಮೇಲಿನವರು ಸ್ಟಾಕ್ ಇಳಿಸಿ ಎನ್ನುತ್ತಾರೆ. ಡೈ ಪದೇ ಪದೇ ಬದಲಾಯಿಸಿದರೆ ಪ್ರೊಡಕ್ಷನ್ ಎಲ್ಲಿಂದ ತರಲಿ?
— ಉದ್ಯಮಬಾಗ್, ಬೆಳಗಾವಿ

ಉ: ಮೂರು ಗಂಟೆ ಮೂರು ಗಂಟೆಯಾಗಿಯೇ ಇರುವವರೆಗೆ ನೀವು ಮಾಡುತ್ತಿರುವುದೇ ಸರಿ. ಸ್ಟಾಕ್ ಇಳಿಸಿ ಎಂದು ಹೇಳಿ ಹೋಗುವವರು ಆ ಮೂರು ಗಂಟೆ ನಿಮ್ಮ ಪಕ್ಕ ನಿಂತು ನೋಡಬೇಕು.

ಶಿಗೆಒ ಶಿಂಗೊ ಎಂಬ ಜಪಾನಿ ಎಂಜಿನಿಯರ್ ತಮ್ಮ ಅನುಭವ ಬರೆದಿದ್ದಾರೆ. 1969ರಲ್ಲಿ ಟೊಯೊಟಾದ 1,000 ಟನ್ ಪ್ರೆಸ್ಸಿನಲ್ಲಿ ಡೈ ಬದಲಾವಣೆಗೆ ನಾಲ್ಕು ಗಂಟೆ ಬೇಕಾಗುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್‌ನಲ್ಲಿ ಅಂಥದೇ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತಿತ್ತಂತೆ. ಆರು ತಿಂಗಳಲ್ಲಿ ಶಿಂಗೊ ಟೊಯೊಟಾದ್ದನ್ನು 90 ನಿಮಿಷಕ್ಕೆ ತಂದರು. ಸಾಲದು, ಮೂರು ನಿಮಿಷಕ್ಕೆ ತನ್ನಿ ಎಂದು ಆಡಳಿತದಿಂದ ಮತ್ತೆ ಅಪ್ಪಣೆ ಬಂತು. ಇನ್ನು ಮೂರು ತಿಂಗಳಲ್ಲಿ ಅದೂ ಆಯಿತು.

ಗುಟ್ಟು ದುಬಾರಿ ಹೈಡ್ರಾಲಿಕ್ ಕ್ಲ್ಯಾಂಪಿನಲ್ಲಿಲ್ಲ. ಪ್ರೆಸ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸ ಯಾವುದು ಎಂದು ಬೇರ್ಪಡಿಸುವುದರಲ್ಲಿದೆ. ಮುಂದಿನ ಡೈ ಬದಲಾವಣೆಯನ್ನು ಮೊಬೈಲಿನಲ್ಲಿ ಮೊದಲಿಂದ ಕೊನೆವರೆಗೆ ವಿಡಿಯೊ ಮಾಡಿ. ಮುಖಗಳನ್ನು ಬಿಡಿ, ಕೈಗಳನ್ನು ತೆಗೆಯಿರಿ. ಆಮೇಲೆ ಆ ಕೆಲಸ ಮಾಡಿದವರ ಜೊತೆ ಕೂತು ನೋಡಿ. ಕ್ರೇನಿಗಾಗಿ ಕಾದದ್ದು, ಡೈ ರ‍್ಯಾಕಿನಿಂದ ಹುಡುಕಿ ತಂದದ್ದು, ಬೋಲ್ಟ್ ಉದ್ದ ಸಾಲದೆ ಮತ್ತೊಂದಕ್ಕೆ ಓಡಿದ್ದು, ಪ್ಯಾಕಿಂಗ್ ತುಂಡು ಹುಡುಕಿದ್ದು, ಕೊನೆಗೆ ಮೊದಲ ಪೀಸ್ ಹಿಡಿದು ಇನ್‌ಸ್ಪೆಕ್ಟರ್ ಬರುವ ತನಕ ಎಲ್ಲರೂ ನಿಂತದ್ದು, ಇವೆಲ್ಲ ಕಾಣುತ್ತವೆ. ಇವುಗಳಲ್ಲಿ ಯಾವುದಕ್ಕೂ ಪ್ರೆಸ್ ನಿಲ್ಲಿಸಬೇಕಿರಲಿಲ್ಲ.

ಉಳಿದದ್ದು ಹೊಂದಾಣಿಕೆಯ ಕೆಲಸ. ಒಂದು ಡೈ 280 ಮಿ.ಮೀ. ಎತ್ತರ, ಇನ್ನೊಂದು 310 ಆದರೆ ಪ್ರತಿ ಸಲವೂ ಶಟ್ ಹೈಟ್ ತಿರುಗಿಸಬೇಕು. ಗಿಡ್ಡ ಡೈಗಳ ಕೆಳಗೆ ಕಾಯಂ ಪ್ಲೇಟ್ ಹಾಕಿ ಎಂಟನ್ನೂ ಒಂದೇ ಎತ್ತರಕ್ಕೆ ತನ್ನಿ. ಕ್ಲ್ಯಾಂಪ್ ಕೂರುವ ಅಂಚಿನ ದಪ್ಪವನ್ನೂ ಹಾಗೆಯೇ ಒಂದು ಮಾಡಿ, ಆಗ ಬೋಲ್ಟ್ ಒಂದೇ ಅಳತೆಯದು ಸಾಕು. ಡೈಗೆ ಎರಡು ಕಡೆ ಸ್ಟಾಪರ್ ಕೊಟ್ಟರೆ ತಳ್ಳಿದ ಕೂಡಲೇ ಜಾಗಕ್ಕೆ ಕೂರುತ್ತದೆ, ಟೇಪ್ ಹಿಡಿದು ಅಳೆಯುವುದು ತಪ್ಪುತ್ತದೆ. ಇದೆಲ್ಲ ನಿಮ್ಮ ಟೂಲ್‌ರೂಮಿನಲ್ಲೇ ಆಗುವ ಕೆಲಸ.

ಈಗ ನಿಮ್ಮ ನಿಜವಾದ ಪ್ರಶ್ನೆ. ತಿಂಗಳಿಗೆ ಎಂಟು ಬದಲಾವಣೆ, ಮೂರು ಮೂರು ಗಂಟೆ: ಒಟ್ಟು 24 ಗಂಟೆ. ಅದನ್ನು ಅರ್ಧ ಗಂಟೆಗೆ ಇಳಿಸಿದಿರಿ ಎನ್ನಿ. ಹೆಚ್ಚಿನವರು ಮಾಡುವುದೇನೆಂದರೆ, ಎಂಟು ಬದಲಾವಣೆಯನ್ನು ಎಂಟಾಗಿಯೇ ಉಳಿಸಿ, ಮಿಕ್ಕ 20 ಗಂಟೆಯಲ್ಲಿ ಇನ್ನಷ್ಟು ಮಾಲು ಹೊಡೆದು ಗೋದಾಮು ತುಂಬುತ್ತಾರೆ. ಹಾಗೆ ಮಾಡುವುದಾದರೆ ಈ ಕಷ್ಟವೇ ಬೇಡ. ಅದೇ 24 ಗಂಟೆಯಲ್ಲಿ ಈಗ 48 ಬದಲಾವಣೆ ಮಾಡಬಹುದು, ಅಂದರೆ ಪ್ರತಿ ಪಾರ್ಟನ್ನೂ ತಿಂಗಳಿಗೆ ಆರು ಸಲ. ಪ್ರೊಡಕ್ಷನ್ ಒಂದು ಪೀಸೂ ಕಡಿಮೆಯಾಗಲಿಲ್ಲ, ಸ್ಟಾಕ್ ಸುಮಾರು ಆರನೇ ಒಂದಕ್ಕೆ ಇಳಿಯಿತು. ಮೇಲಿನವರಿಗೆ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಕೊಡಿ, ಟೂಲ್‌ರೂಮಿನ ಖರ್ಚಿಗೆ ಸಹಿ ಬೇಗ ಬೀಳುತ್ತದೆ.

ಪ್ರ: ಕಾರು ಜೋಡಿಸುವವರಿಗೆ ಲೀನ್ ಸರಿ ಸ್ವಾಮಿ. ನಮ್ಮದು ಫೌಂಡ್ರಿ. ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಹೀಟ್ ಎಂದರೆ ಅರ್ಧ ಟನ್ ಕರಗಿದ ಕಬ್ಬಿಣ. ಒಂದೊಂದೇ ಪೀಸ್ ಹರಿಸಿ ಎಂದರೆ ನಗು ಬರುತ್ತದೆ. ರಿಜೆಕ್ಷನ್ ಮಾತ್ರ ಕಾಡುತ್ತಿದೆ, ಎಲ್ಲರೂ ಮರಳಿನ ಮೇಲೆ ಹಾಕುತ್ತಾರೆ.
— ಫೌಂಡ್ರಿ ಮ್ಯಾನೇಜರ್, ಶಿವಮೊಗ್ಗ

ಉ: ನಗುವುದು ನ್ಯಾಯವೇ. ಕರಗಿಸುವ ಕೆಲಸ ಹೀಟ್ ಲೆಕ್ಕದಲ್ಲೇ ಆಗಬೇಕು, ಅದನ್ನು ಮುರಿಯಲು ಹೋಗಬೇಡಿ. ಲೀನ್ ಪಾಠ ಮಾಡುವವರಲ್ಲಿ ಅನೇಕರು ಫೌಂಡ್ರಿಯ ಬಾಗಿಲವರೆಗೆ ಬಂದು ವಾಪಸಾದವರು.

ಆದರೆ ಫರ್ನೇಸ್ ಬಿಟ್ಟು ಮುಂದಕ್ಕೆ ಬನ್ನಿ. ಸೋಮವಾರ ಹೊಯ್ದ ಎರಕ ನಾಕ್‌ಔಟ್ ಆಗಿ ಅಂಗಳದಲ್ಲಿ ರಾಶಿ ಬೀಳುತ್ತದೆ. ಶಾಟ್ ಬ್ಲಾಸ್ಟಿಂಗ್ ಗುರುವಾರ. ಫೆಟ್ಲಿಂಗ್‌ನವರ ಸರದಿ ಮುಂದಿನ ವಾರ. ಗ್ರಾಹಕರು ಮಷಿನಿಂಗ್ ಮಾಡುವುದು ಮೂರನೇ ವಾರ, ಆಗ ಬ್ಲೋಹೋಲ್ ಹೊರಬೀಳುತ್ತದೆ. ಆ ಅಚ್ಚು ಮಾಡಿದ ಹೊತ್ತಿನಲ್ಲಿ ಮರಳಿನ ತೇವ ಎಷ್ಟಿತ್ತು, ಕೋರ್ ಒಣಗಿತ್ತೇ, ಹೊಯ್ಯುವಾಗ ಶಾಖ ಎಷ್ಟಿತ್ತು ಎಂದು ಮೂರು ವಾರದ ಮೇಲೆ ಯಾರನ್ನು ಕೇಳುತ್ತೀರಿ? ಕಾರಣ ಗೊತ್ತಾಗದಿದ್ದಾಗ ತಪ್ಪು ಹೊರಲು ಮರಳು ಇದ್ದೇ ಇದೆ, ಅದು ಎದುರು ಮಾತಾಡುವುದಿಲ್ಲ. ಈ ನಡುವೆ ಅದೇ ದೋಷವನ್ನು ಮೂರು ವಾರ ಹೊಯ್ದಾಗಿರುತ್ತದೆ.

ಫೌಂಡ್ರಿಯಲ್ಲಿ ಲೀನ್‌ನ ಲಾಭ ಇರುವುದು ಇಲ್ಲೇ. ಹೊಯ್ದ ಗಳಿಗೆಗೂ ದೋಷ ಕಾಣುವ ಗಳಿಗೆಗೂ ನಡುವಿನ ಅಂತರವನ್ನು ಕುಗ್ಗಿಸಿ. ಪ್ರತಿ ಎರಕದ ಮೇಲೂ ಹೀಟ್ ನಂಬರ್ ಬೀಳಲಿ. ಪ್ರತಿ ಹೀಟಿನಿಂದ ನಾಲ್ಕೈದನ್ನು ರಾಶಿಗೆ ಬಿಡದೆ ಅವತ್ತೇ ಬ್ಲಾಸ್ಟ್ ಮಾಡಿ, ಒಂದನ್ನು ಗ್ರಾಹಕರು ಮಷಿನ್ ಮಾಡುವ ಜಾಗದಲ್ಲೇ ಕೊಯ್ದು ನೋಡಿ. ಎರಕದ ಚಿತ್ರವೊಂದನ್ನು ಗೋಡೆಗೆ ಹಾಕಿ, ದೋಷ ಸಿಕ್ಕ ಕಡೆ ಚುಕ್ಕಿ ಇಡುತ್ತಾ ಹೋಗಿ. ಚುಕ್ಕಿಗಳು ರೈಸರಿನ ಕೆಳಗೇ ಗುಂಪಾದರೆ ಕುಗ್ಗುವಿಕೆಯ ಸಮಸ್ಯೆ, ಕೋರಿನ ಸುತ್ತ ಬಿದ್ದರೆ ಅನಿಲದ್ದು, ಎಲ್ಲೆಂದರಲ್ಲಿ ಚದುರಿದರೆ ಮಾತ್ರ ಮರಳನ್ನು ಮೊದಲು ಅನುಮಾನಿಸಿ. ತೇವದ ಪರೀಕ್ಷೆಗೆ ನಿಮಿಷಗಳು ಸಾಕು, ದಿನಕ್ಕೊಮ್ಮೆ ಮಾಡುವುದನ್ನು ಗಂಟೆಗೊಮ್ಮೆ ಮಾಡಿ. ಮಳೆಗಾಲದಲ್ಲಿ ಅದು ಬೇಕೇ ಬೇಕು ಎಂದು ಮಲೆನಾಡಿನ ಅಂಚಿನಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ.

ರಿಜೆಕ್ಟ್ ಆದದ್ದನ್ನು ಮತ್ತೆ ಕರಗಿಸಿದರಾಯಿತು ಎಂಬ ಸಮಾಧಾನ ಬೇಡ. ಒಂದು ಟನ್ ಕಬ್ಬಿಣ ಕರಗಿಸಲು ಇಂಡಕ್ಷನ್ ಫರ್ನೇಸ್ ಸುಮಾರು 600 ಯೂನಿಟ್ ಕರೆಂಟ್ ಎಳೆಯುತ್ತದೆ. ಎರಡನೇ ಸಲಕ್ಕೆ ರಿಯಾಯಿತಿ ಇಲ್ಲ.

ಪ್ರ: ನಾವು ದೊಡ್ಡ ವಾಹನ ಕಂಪನಿಯೊಂದಕ್ಕೆ ಬಿಡಿಭಾಗ ಕೊಡುತ್ತೇವೆ. ಅವರದು ಜಸ್ಟ್ ಇನ್ ಟೈಮ್. ದಿನಕ್ಕೆ ನಾಲ್ಕು ಸಲ ಮಾಲು ಕೇಳುತ್ತಾರೆ, ಆದರೆ ಯಾವ ದಿನ ಯಾವುದು ಎಷ್ಟು ಎಂದು ಹಿಂದಿನ ರಾತ್ರಿ ತನಕ ಗೊತ್ತಿರುವುದಿಲ್ಲ. ಹೆದರಿ 15 ದಿನದ ಸ್ಟಾಕ್ ಅವರ ಗೇಟಿನ ಹತ್ತಿರವೇ ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದೇವೆ. ಇದು ಲೀನ್ ಹೌದೇ?
— ಬೊಮ್ಮಸಂದ್ರ

ಉ: ಅವರ ದಾಸ್ತಾನು ನಿಮ್ಮ ಬಾಡಿಗೆಯಲ್ಲಿ ಕೂತಿದೆ. ಇದರಲ್ಲಿ ಲೀನ್ ಆಗಿರುವುದು ಅವರ ಬ್ಯಾಲೆನ್ಸ್ ಶೀಟ್ ಮಾತ್ರ.

ಜಸ್ಟ್ ಇನ್ ಟೈಮ್ ನಡೆಯಲು ಒಂದು ಷರತ್ತಿದೆ, ಅದನ್ನು ಕೊಳ್ಳುವವನೇ ಪಾಲಿಸಬೇಕು. ಬೇಡಿಕೆಯನ್ನು ಸಮನಾಗಿ ಹರಡಬೇಕು. ತಿಂಗಳಿಗೆ 4,800 ಬೇಕಿದ್ದರೆ ದಿನಕ್ಕೆ 200ರಂತೆ, ಮಾಡೆಲ್‌ಗಳನ್ನು ಬೆರೆಸಿ ಕರೆಯಬೇಕು. ಒಂದು ದಿನ 700, ಮರುದಿನ ಸೊನ್ನೆ ಎನ್ನಬಾರದು. ಟೊಯೊಟಾದಲ್ಲಿ ಇದಕ್ಕೆ ಹೇಜುಂಕಾ ಎನ್ನುತ್ತಾರೆ. ಅದಿಲ್ಲದೆ ಮಾಲು ಕರೆಯುವ ಕಾನ್‌ಬಾನ್ ಚೀಟಿ ಕಳಿಸಿದರೆ ಅದು ಬರೀ ತಗಾದೆಯ ಚೀಟಿ. ಮುಂದಿನ ಸಲ ಖರೀದಿ ವಿಭಾಗದವರು ಬೆಲೆ ಇಳಿಸಿ ಎಂದಾಗ ಗೋದಾಮಿನ ಬಾಡಿಗೆ, ಬಡ್ಡಿ, ಹಳತಾದ ಮಾಲಿನ ನಷ್ಟ ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟು, ಎರಡು ವಾರದ ಕಾರ್ಯಕ್ರಮವನ್ನು ಬದಲಿಸದೆ ಕೊಟ್ಟರೆ ಇಷ್ಟು ಇಳಿಸಬಲ್ಲೆ ಎಂದು ಕೇಳಿ. ಒಬ್ಬರೇ ಹೋಗುವುದಕ್ಕಿಂತ ನಿಮ್ಮಂಥ ನಾಲ್ಕಾರು ಪೂರೈಕೆದಾರರು ಕೂಡಿ ಹೋದರೆ ಕಿವಿಗೆ ಬೀಳುತ್ತದೆ.

ಸ್ಟಾಕ್ ಸೊನ್ನೆ ಮಾಡುವುದೇ ಗುರಿ ಎಂದೂ ತಿಳಿಯಬೇಡಿ. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕಿನಲ್ಲಿರುವ ಒಂದು ಪುಟ್ಟ ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಕೆಲವೇ ಗಂಟೆಗಳ ಸ್ಟಾಕ್ ಇತ್ತು. ಜಪಾನಿನಲ್ಲಿದ್ದ ಟೊಯೊಟಾ ಕಾರ್ಖಾನೆಗಳು ಹೆಚ್ಚುಕಡಿಮೆ ಎಲ್ಲ ನಿಂತವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿಯೂ ಸೇರಿ ಹತ್ತಾರು ಘಟಕಗಳು ತಮ್ಮ ಕೆಲಸ ಬಿಟ್ಟು ವಾಲ್ವ್ ಮಾಡಿಕೊಟ್ಟು ಸುಮಾರು ವಾರದೊಳಗೆ ಚಕ್ರ ಮತ್ತೆ ತಿರುಗುವಂತೆ ಮಾಡಿದವು. 2011ರ ಭೂಕಂಪದ ಮೇಲೆ ಟೊಯೊಟಾ ಇನ್ನೊಂದು ಪಾಠ ಕಲಿತು, ಸೆಮಿಕಂಡಕ್ಟರ್ ಚಿಪ್‌ಗಳನ್ನು ಪೂರೈಕೆದಾರರು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಬೇಕೆಂದಿತು. 2021ರ ಚಿಪ್ ಬರದಲ್ಲಿ ಆರಂಭದ ತಿಂಗಳುಗಳನ್ನು ಅದು ಉಳಿದವರಿಗಿಂತ ಸುಲಭವಾಗಿ ದಾಟಿದ್ದು ಹಾಗೆ. ಯಾವುದನ್ನು ಇಡಬೇಕು, ಎಷ್ಟು, ಯಾಕೆ ಎಂದು ಯೋಚಿಸಿ ಇಟ್ಟ ಸ್ಟಾಕ್ ಬೇರೆ, ಹೆದರಿ ಇಟ್ಟದ್ದು ಬೇರೆ.

ಇನ್ನೊಂದು ಮಾತು, ನೀವು ಕೇಳಿಲ್ಲ. ಮಾಲು ದಿನಕ್ಕೆ ನಾಲ್ಕು ಸಲ ಹೋಗುತ್ತದೆ, ದುಡ್ಡು ಯಾವಾಗ ಬರುತ್ತದೆ? ನಿಮ್ಮದು ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಣಿಯಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ ಕಾನೂನಿನ ಪ್ರಕಾರ ಪಾವತಿಯನ್ನು 45 ದಿನಕ್ಕಿಂತ ತಡ ಮಾಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ.

ಪ್ರ: ನಾನು ಗಾರ್ಮೆಂಟ್ಸಿನಲ್ಲಿ ಟೈಲರ್. ನಮ್ಮ ಲೈನಿಗೆ ಲೀನ್ ಅಂತ ತಂದಿದ್ದಾರೆ. 42 ಜನ ಇದ್ದಲ್ಲಿ ಈಗ 35. ಟಾರ್ಗೆಟ್ ಗಂಟೆಗೆ 80 ಇದ್ದದ್ದು 100 ಮಾಡಿದ್ದಾರೆ. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ನಿಲ್ಲುತ್ತಾರೆ. ಐಡಿಯಾ ಕೊಡಿ ಅಂತ ಪೆಟ್ಟಿಗೆ ಇಟ್ಟಿದ್ದಾರೆ ಸರ್. ನಾನು ಐಡಿಯಾ ಕೊಟ್ಟರೆ ಇನ್ನೊಬ್ಬಳ ಕೆಲಸ ಹೋಗುತ್ತದೆ. ಯಾಕೆ ಕೊಡಬೇಕು?
— ಬೊಮ್ಮನಹಳ್ಳಿ, ಬೆಂಗಳೂರು

ಉ: ಕೊಡಬೇಡಿ ತಾಯಿ. ಹೊರಗೆ ಹೋದ ಏಳು ಜನರಿಗೆ ಬೇರೆ ಕಡೆ ಅದೇ ಸಂಬಳದ ಕೆಲಸ ಕೊಟ್ಟಿದ್ದಾರೆಂದು ನಿಮಗೆ ಖಾತ್ರಿಯಾಗುವ ತನಕ ಆ ಪೆಟ್ಟಿಗೆ ಖಾಲಿ ಇರುವುದೇ ಸರಿ.

ನಿಮ್ಮ ಮ್ಯಾನೇಜರಿಗೂ ಈ ಪುಟ ಕಣ್ಣಿಗೆ ಬೀಳಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 42 ಜನರ ಲೈನಿನಲ್ಲಿ ಪ್ರತಿಯೊಬ್ಬರ ಮುಂದೂ 20 ಪೀಸಿನ ಒಂದು ಬಂಡಲ್ ಇದ್ದರೆ ಲೈನಿನೊಳಗೆ 840 ಶರ್ಟ್ ಇರುತ್ತವೆ. ಕಾಲರ್ ಹಚ್ಚುವಲ್ಲಿ ಆದ ತಪ್ಪು ಕೊನೆಯ ಚೆಕಿಂಗ್ ಟೇಬಲ್ಲಿನಲ್ಲಿ ಕಾಣುವ ಹೊತ್ತಿಗೆ ನೂರಾರು ಪೀಸ್ ಹಾಗೇ ಹೊಲಿದಾಗಿರುತ್ತದೆ. ಆಮೇಲೆ ಆಲ್ಟರೇಷನ್, ಓವರ್‌ಟೈಮ್, ಕೂಗಾಟ. ಬಂಡಲನ್ನು 20ರಿಂದ ಐದಕ್ಕೆ ಇಳಿಸಿದರೆ ಆ ತಪ್ಪು ಬೇಗನೆ ಸಿಗುತ್ತದೆ, ಬಿಚ್ಚಿ ಹೊಲಿಯುವ ಕೆಲಸ ತಪ್ಪುತ್ತದೆ. ಗಂಟೆಯ ಲೆಕ್ಕ ಏರಬೇಕಾದದ್ದು ಹೀಗೆ, ನಿಮ್ಮ ಕೈ ಇನ್ನೂ ಬೇಗ ಓಡುವುದರಿಂದಲ್ಲ. ಸ್ಟಾಪ್‌ವಾಚ್ ಹಿಡಿದವರು ಬಂಡಲಿನ ಪಕ್ಕ ನಿಲ್ಲಲಿ. ಅದು ಎಷ್ಟು ಹೊತ್ತು ಸುಮ್ಮನೆ ಬಿದ್ದಿದೆ ಎಂದು ಬರೆದುಕೊಳ್ಳಲಿ.

ಟೊಯೊಟಾದ ಮೂಲ ಇರುವುದೂ ಬಟ್ಟೆಯ ಕಸುಬಿನಲ್ಲೇ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗ ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ತಪ್ಪಾದರೆ ನಿಲ್ಲಬೇಕು ಎಂಬ ಆ ನಿಯಮವೇ ಮುಂದೆ ಕಾರಿನ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನ ಕೈಗೆ ಸಿಗುವ ಹಗ್ಗವಾಯಿತು. ಎಳೆದರೆ ಮೇಲಿನವನು ಓಡಿ ಬರಬೇಕು, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲಬೇಕು. ನಿಮ್ಮಲ್ಲಿ ಅಂಥದ್ದು ಇದೆಯೇ? ಸೂಜಿ ಮುರಿದಾಗ, ಬಂಡಲಿನಲ್ಲಿ ಸೈಜ್ ತಪ್ಪಿ ಬಂದಾಗ ಲೈನ್ ನಿಲ್ಲಿಸುವ ಹಕ್ಕು ನಿಮಗಿದೆಯೇ? ಇಲ್ಲವಾದರೆ ಅವರು ತಂದದ್ದು ಲೀನ್‌ನ ಅರ್ಧ, ಅದೂ ತಮಗೆ ಬೇಕಾದ ಅರ್ಧ. ಓಹ್ನೊ ಅವರ ಬಳಗ ವ್ಯರ್ಥದ ಜೊತೆಗೇ ಮನುಷ್ಯರ ಮೇಲೆ, ಯಂತ್ರಗಳ ಮೇಲೆ ಹೇರುವ ಅತಿಭಾರವನ್ನೂ ತೊಲಗಿಸಬೇಕು ಎನ್ನುತ್ತಿತ್ತು. ನಮ್ಮ ತರಬೇತಿ ಶಿಬಿರಗಳಲ್ಲಿ ಆ ಸ್ಲೈಡ್ ಬಂದಾಗ ಚಹಾ ವಿರಾಮ ಆಗಿರುತ್ತದೆ.

ಟೊಯೊಟಾ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. 1950ರಲ್ಲಿ ದಿವಾಳಿಯ ಅಂಚಿಗೆ ಬಂದು ಜನರನ್ನು ಕಡಿತ ಮಾಡಿತು. ಎರಡು ತಿಂಗಳ ಮುಷ್ಕರ ನಡೆದು, ಅಧ್ಯಕ್ಷ ಕಿಇಚಿರೊ ಟೊಯೊಡಾ ರಾಜೀನಾಮೆ ಕೊಡಬೇಕಾಯಿತು. 1970ರ ದಶಕದ ಆರಂಭದಲ್ಲಿ ಅಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ ಪತ್ರಕರ್ತ ಸತೋಶಿ ಕಮತಾ ಆ ವೇಗದಲ್ಲಿ ಮೈ ಹೇಗೆ ನುಗ್ಗಾಗುತ್ತದೆಂದು ಪುಸ್ತಕವನ್ನೇ ಬರೆದರು. ಇನ್ನೊಂದು ಕಡೆ ಅಮೆರಿಕದ ಫ್ರೀಮಾಂಟ್ ಇದೆ. ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು ಟೊಯೊಟಾ ಜೊತೆ ಸೇರಿ 1984ರಲ್ಲಿ ತೆರೆದರು, ತೆಗೆದುಕೊಂಡದ್ದು ಬಹುಪಾಲು ಹಳೆಯ ಕೆಲಸಗಾರರನ್ನೇ. ಜಗಳಕ್ಕೂ ಗೈರುಹಾಜರಿಗೂ ಹೆಸರಾಗಿದ್ದ ಜನ ಕೆಲವೇ ವರ್ಷಗಳಲ್ಲಿ ಜಪಾನಿಗೆ ಸಮನಾದ ಗುಣಮಟ್ಟದ ಕಾರು ಮಾಡಿದರು. ಯೂನಿಯನ್ ಜೊತೆಗಿನ ಒಪ್ಪಂದದಲ್ಲಿ, ಕಷ್ಟ ಬಂದರೆ ಮೊದಲು ಮೇಲಿನವರ ಸಂಬಳ ಕಡಿತ, ಕೆಲಸಗಾರರನ್ನು ತೆಗೆಯುವುದು ಕೊನೆಯ ಮಾತು ಎಂದು ಬರೆದಿತ್ತು. ಮಾರಾಟ ಇಳಿದಾಗ ತರಬೇತಿಗೆ ಕೂರಿಸಿದರೇ ಹೊರತು ಮನೆಗೆ ಕಳಿಸಲಿಲ್ಲ.

ನಿಮ್ಮಲ್ಲಿ ಯೂನಿಯನ್ನೋ ವರ್ಕ್ಸ್ ಕಮಿಟಿಯೋ ಇದ್ದರೆ ಅಲ್ಲಿ ಕೇಳಬೇಕಾದದ್ದು ಅಂಥ ಒಂದು ಸಾಲನ್ನು, ಬರಹದಲ್ಲಿ.

ಪ್ರ: ಸರ್ಕಾರದಿಂದ ಲೀನ್‌ಗೆ ಸಹಾಯಧನ ಇದೆಯಂತೆ, ನಿಜವೇ?
— ಹುಬ್ಬಳ್ಳಿ, ದಾವಣಗೆರೆ ಮತ್ತು ತುಮಕೂರಿನಿಂದ ಹಲವರು

ಉ: ನಿಜ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2009ರಿಂದ ನಡೆಸುತ್ತಿದ್ದ ಯೋಜನೆಯನ್ನು 2023ರ ಮಾರ್ಚ್ 10ರಂದು ಎಂಎಸ್‌ಎಂಇ ಕಾಂಪಿಟಿಟಿವ್ (ಲೀನ್) ಸ್ಕೀಮ್ ಎಂದು ಹೊಸದಾಗಿ ತಂದಿದೆ. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತ. ಮಾರ್ಗದರ್ಶನಕ್ಕೆ ಬರುವ ಕನ್ಸಲ್ಟಂಟರ ವೆಚ್ಚದಲ್ಲಿ ಶೇ 90ರಷ್ಟನ್ನು ಸರ್ಕಾರ ಭರಿಸುತ್ತದೆ, ಮೊದಲು ಇದು ಶೇ 80 ಇತ್ತು. ಮಹಿಳೆಯರ, ಪರಿಶಿಷ್ಟ ಜಾತಿ-ಪಂಗಡದವರ ಘಟಕಗಳಿಗೆ ಇನ್ನೂ ಶೇ 5. ಉದ್ಯಮ್ ನೋಂದಣಿ ಕಡ್ಡಾಯ.

ಕನ್ಸಲ್ಟಂಟ್ ಬಂದ ಮೊದಲ ದಿನ ಏನು ಕೇಳುತ್ತಾರೆಂದು ಗಮನಿಸಿ. ಪೇಂಟಿನ ಬಣ್ಣ ಯಾವುದು ಎಂದು ಕೇಳಿದರೆ ಕಾಫಿ ಕೊಟ್ಟು ಕಳಿಸಿ. ನಿನ್ನೆ ಡಿಸ್ಪ್ಯಾಚ್ ಆದ ಮಾಲಿನ ಕಚ್ಚಾ ಸಾಮಗ್ರಿ ಯಾವ ತಾರೀಕಿಗೆ ಗೇಟಿನೊಳಗೆ ಬಂದಿತ್ತು ಎಂದು ಕೇಳಿದರೆ ಕೂರಿಸಿ ಮಾತಾಡಿ.